ಎಳೆ ಎಣಿಸುವ ಮಧ್ಯಾಹ್ನ

ಧಾರವಾಡದ ಮಾಳಮಡ್ಡಿಯ ಹಳೆಯ ಮನೆಗಳಲ್ಲಿ ಮಧ್ಯಾಹ್ನ ಮೂರರ ಬಿಸಿಲಿಗೆ ತನ್ನದೇ ಒಂದು ಜಾಗವಿದೆ. ಹಂಚಿನ ಮಾಡಿನ ಅಂಚಿನಿಂದ ಇಳಿದು, ಕಿಟಕಿಯ ಸರಳುಗಳ ನಡುವೆ ನುಸುಳಿ, ಪಡಸಾಲೆಯ ನೆಲದ ಮೇಲೆ ಒಂದು ಚಾಪೆಯಷ್ಟು ಅಗಲ ಬಂದು ಕೂಡುತ್ತದೆ. ಊಟದ ಪಾತ್ರೆ ತೊಳೆದು ಬೋರಲು ಹಾಕಿಯಾಗಿದೆ, ಚಹಾಕ್ಕೆ ಇನ್ನೂ ಹೊತ್ತಿದೆ. ದೂರದಲ್ಲಿ ನಿಲ್ದಾಣಕ್ಕೆ ಬರುವ ರೈಲು ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಈ ನಡುವಿನ ಹೊತ್ತು ಈ ಓಣಿಯ ಹೆಂಗಸರಿಗೆ ತಲೆಮಾರುಗಳಿಂದ ಕಸೂತಿಯ ಹೊತ್ತು.

ಅಂಥದೊಂದು ಮನೆಯಲ್ಲಿ, ನಾನು ಕಾಕು ಎಂದು ಕರೆಯುವ ಹಿರಿಯಳು ಕುರ್ಚಿಯನ್ನು ಬಿಸಿಲಿನ ಅಂಚಿಗೆ ಎಳೆದುಕೊಂಡು ಕುಳಿತಿದ್ದಾಳೆ. ಎಪ್ಪತ್ತರ ಹತ್ತಿರದ ವಯಸ್ಸು. ಮೊದಲೆಲ್ಲ ನೆಲದ ಮೇಲೆ ಒಂದು ಮೊಣಕಾಲು ಎತ್ತಿ ಕೂತು, ಆ ಮೊಣಕಾಲಿನ ಮೇಲೆ ಬಟ್ಟೆ ಬಿಗಿದುಕೊಂಡು ಹಾಕುತ್ತಿದ್ದಳು. ಈಗ ಕುರ್ಚಿ, ಬೆನ್ನಿಗೊಂದು ದಿಂಬು. ತೊಡೆಯ ಮೇಲೆ ಮೊದಲು ಬಿಳಿ ಟವೆಲು, ಅದರ ಮೇಲೆ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆ. ಕರಿ ಬಟ್ಟೆಯಲ್ಲಿ ಎಳೆ ಎಳೆಯ ನಡುವಿನ ಸಂದು ಕಣ್ಣಿಗೆ ಸಿಗುವುದಿಲ್ಲ. ಕೆಳಗೆ ಬಿಳಿ ಇದ್ದರೆ ಸಂದುಗಳಲ್ಲಿ ಬೆಳಕು ಇಣುಕುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕಂಡುಕೊಂಡ ಉಪಾಯವಿದು. ಪಕ್ಕದ ಸ್ಟೂಲಿನ ಮೇಲೆ ಒಂದು ಹಳೆಯ ಬಿಸ್ಕೀಟಿನ ಡಬ್ಬಿ. ಅದರೊಳಗೆ ಕೇಸರಿ, ಹಸಿರು, ನೇರಳೆ, ಕೆಂಪು ರೇಷ್ಮೆದಾರದ ಲಡಿಗಳು, ಪುಟ್ಟ ಕತ್ತರಿ, ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ.

ಆ ಸೀರೆಯ ಸೆರಗಿನ ಹತ್ತಿರ ಒಂದು ಗೋಪುರ ಅರ್ಧಕ್ಕೆ ನಿಂತಿತ್ತು. ಮೂರು ಅಂತಸ್ತು ಎದ್ದಿದೆ, ಕಳಸವಿಲ್ಲ. ಆ ಅರ್ಧ ಗೋಪುರ ಒಂದು ವರ್ಷಕ್ಕೂ ಹೆಚ್ಚು ಕಾಲ ಟ್ರಂಕಿನಲ್ಲಿ ಮಡಚಿಕೊಂಡು ಬಿದ್ದಿತ್ತು. ಚುಚ್ಚಿಟ್ಟಿದ್ದ ಸೂಜಿ ಅಲ್ಲೇ ತುಕ್ಕು ಹಿಡಿದು, ರೇಷ್ಮೆಯ ಮೇಲೆ ಸಾಸಿವೆ ಕಾಳಿನಷ್ಟು ಕಲೆ ಮಾಡಿತ್ತು. ಕಲೆ ಈಗಲೂ ಇದೆ. ಅದರ ಮೇಲೆ ಒಂದು ಚಿಕ್ಕಿ ಹಾಕಿ ಮುಚ್ಚುವುದು ಕಾಕುವಿನ ಯೋಚನೆ.

ಕಸೂತಿಯನ್ನು ಹತ್ತಿರದಿಂದ ನೋಡದವರಿಗೆ ಅದು ಬಟ್ಟೆಯ ಮೇಲಿನ ಒಂದು ಚೆಂದದ ಅಲಂಕಾರ ಅಷ್ಟೇ. ಹತ್ತಿರ ಕೂತು ನೋಡಿದರೆ ಪೂರಾ ಲೆಕ್ಕ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇಲ್ಲ, ಅಚ್ಚು ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಇಳಿಸಬೇಕು, ಎಣಿಸಿ ಎತ್ತಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯ ಆನೆ, ತುಳಸಿಕಟ್ಟೆ, ನವಿಲು, ನಂದಿ ಎಲ್ಲವೂ ಈ ನಾಲ್ಕರಲ್ಲೇ ಹುಟ್ಟುತ್ತವೆ. ಇಳಕಲ್ ಸೀರೆಯ ಸೆರಗಿನ ಹತ್ತಿರ, ಕುಪ್ಪಸದ ತೋಳಿನ ಮೇಲೆ, ಕೂಸಿನ ಕುಲಾಯಿಯ ಅಂಚಿನಲ್ಲಿ ಹೀಗೆ ಎಣಿಸಿದವರು ಈ ಭಾಗದ ಮನೆಮನೆಯ ಹೆಂಗಸರು. ಹಿಂದೆ ಮದುಮಗಳ ಬಟ್ಟೆಗಳಲ್ಲಿ ಕಸೂತಿಯ ಚಂದ್ರಕಾಳಿ ಇರಲೇಬೇಕು ಎಂಬ ಪದ್ಧತಿಯಿತ್ತು. ಇಂದು ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ನಾಲ್ಕರಲ್ಲಿ ಎರಡನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಾಯಿಲೆ ಬಿದ್ದ ಕಾಕು ಹೊಲಿಗೆಗೆ ಮರಳಿ ಬಂದ ದಾರಿ ಅವೆರಡರ ನಡುವೆಯೇ ಇದೆ. ಗವಂತಿಯಲ್ಲಿ ಸೂಜಿ ಒಂದು ಮನೆ ಹೊಲಿದು ಒಂದು ಮನೆ ಬಿಟ್ಟು ಮುಂದೆ ಹೋಗುತ್ತದೆ. ಗೆರೆಯ ಕೊನೆ ಮುಟ್ಟಿದ ಮೇಲೆ ಅದೇ ಗೆರೆಯಲ್ಲಿ ವಾಪಸು ಬರುತ್ತ, ಬಿಟ್ಟುಹೋದ ಮನೆಗಳನ್ನು ತುಂಬುತ್ತದೆ. ಹಾಗಾಗಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಆದರೆ ಹೋಗುವಾಗಲೇ ಬರುವ ದಾರಿ ತಲೆಯಲ್ಲಿರಬೇಕು. ಕವಲಿನಲ್ಲಿ ಲೆಕ್ಕ ತಪ್ಪಿದರೆ ಎಲ್ಲೋ ಒಂದು ಮನೆ ಖಾಲಿ ಉಳಿಯುತ್ತದೆ, ಬಿಚ್ಚುವುದೊಂದೇ ದಾರಿ. ಮೆಂತಿ ಹಾಗಲ್ಲ. ಓರೆಯಾಗಿ ಒಂದು, ಅದರ ಮೇಲೆ ಅಡ್ಡಲಾಗಿ ಇನ್ನೊಂದು. ಜಗತ್ತೆಲ್ಲ ಕ್ರಾಸ್ ಸ್ಟಿಚ್ ಎಂದು ಕರೆಯುವ ಹೊಲಿಗೆ ಇದೇ. ದಾರ ಹೆಚ್ಚು ಹಿಡಿಯುತ್ತದೆ, ಹಿಂಬದಿ ಮುಂಬದಿಯಂತೆ ಕಾಣುವುದಿಲ್ಲ. ಆದರೆ ಒಂದು ಹಾಕಿದರೆ ಒಂದು ಮುಗಿಯಿತು. ಅಲ್ಲಿಗೇ ನಿಲ್ಲಿಸಬಹುದು.

ಕಾಕುವಿನ ಕಾಯಿಲೆ ಎದೆನೋವಿನಿಂದ ಶುರುವಾಗಲಿಲ್ಲ. ‘ಎದ್ಯಾಗ ಏನೂ ಇರಲಿಲ್ಲವಾ. ಗದ್ದ ನೋಯತಿತ್ತು, ಬೆನ್ನ ನೋಯತಿತ್ತು, ಮೈಯೆಲ್ಲಾ ಬೆವರು. ಪಿತ್ತ ಆಗೇದ ಅಂತ ತಿಳಕೊಂಡು ಜೀರಗಿ ಕಷಾಯ ಕುಡದು ಮಲಗಿಬಿಟ್ಟೆ’ ಎನ್ನುತ್ತಾಳೆ. ಹೆಂಗಸರಲ್ಲಿ ಹೃದಯಾಘಾತ ಹೀಗೆ ವೇಷ ಮರೆಸಿಕೊಂಡು ಬರುವುದು ಅಪರೂಪವಲ್ಲ. ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ, ಕಾರಣವಿಲ್ಲದ ಸುಸ್ತು ಇವನ್ನು ಅಸಿಡಿಟಿ ಎಂದು ತಳ್ಳಿಹಾಕಿ ಹೊತ್ತು ಕಳೆದುಕೊಳ್ಳುವವರು ಬಹಳ. ಇದನ್ನು ಓದುವ ಅಕ್ಕತಂಗಿಯರು ಈ ಒಂದು ಸಾಲನ್ನಾದರೂ ನೆನಪಿಡಬೇಕು. ಕಾಕುವಿನ ಮಗ ತಡಮಾಡಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ದ, ಅಂದೇ ಆಂಜಿಯೋಪ್ಲಾಸ್ಟಿ ಆಯಿತು, ಮುಚ್ಚಿದ್ದ ರಕ್ತನಾಳದಲ್ಲಿ ಸ್ಟೆಂಟ್ ಕೂತಿತು. ನಳಿಕೆ ತೂರಿಸಿದ್ದು ಬಲಗೈ ಮಣಿಕಟ್ಟಿನಿಂದ. ಸೂಜಿ ಹಿಡಿಯುವ ಕೈ ಅದೇ.

ಮನೆಗೆ ಬಂದ ಮೇಲೆ ಶುರುವಾದದ್ದು ಪ್ರೀತಿಯ ಸೆರೆ. ಬಾಗಬ್ಯಾಡ, ಎತ್ತಬ್ಯಾಡ, ಒಲಿ ಮುಂದ ನಿಂದರಬ್ಯಾಡ, ಸುಮ್ನ ಮಲಕೋ. ಯಾರದ್ದೂ ಕೆಟ್ಟ ಮನಸ್ಸಲ್ಲ. ಸೊಸೆ ಬಿಸ್ಕೀಟಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೂ ‘ಅತ್ತಿ ಕಣ್ಣಿಗೆ, ಎದಿಗೆ ತ್ರಾಸ ಆಗಬಾರದು’ ಎಂದೇ. ಆದರೆ ಎಪ್ಪತ್ತು ವರ್ಷ ಖಾಲಿ ಕೂತು ಗೊತ್ತಿಲ್ಲದ ಕೈಗಳಿಗೆ ಒಂದು ಕೆಲಸ ಬೇಕಿತ್ತು. ಅವು ಹುಡುಕಿಕೊಂಡ ಕೆಲಸ ನಾಡಿ ಹಿಡಿಯುವುದು. ಎಡಗೈಯ ಬೆರಳುಗಳು ಬಲ ಮಣಿಕಟ್ಟಿನ ಮೇಲೆ, ಕಣ್ಣು ಗೋಡೆಯ ಗಡಿಯಾರದ ಮೇಲೆ. ಎಪ್ಪತ್ತೆರಡು, ಎಪ್ಪತ್ತಾರು, ಎಂಬತ್ತು. ನಾನು ನೋಡಲು ಹೋದಾಗ ಮಾತಿನ ನಡುವೆಯೂ ಎಣಿಸುತ್ತಿದ್ದಳು. ಎದೆಯಲ್ಲಿ ಒಂದು ಸಣ್ಣ ಚಳಕು ಬಂದರೂ ಮುಖ ಬಿಳಿಚಿಕೊಳ್ಳುತ್ತಿತ್ತು. ರಾತ್ರಿ ನಿದ್ದೆ ಇಲ್ಲ. ಮಲಗಿದರೆ ಏಳುತ್ತೇನೋ ಇಲ್ಲವೋ ಎಂಬ ಭಯ.

ಹೃದಯಾಘಾತದಿಂದ ಉಳಿದು ಬಂದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಕಾಡುತ್ತದೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಮನೆಯವರಿಗೆ ಅದು ಗೊತ್ತಿರುವುದಿಲ್ಲ. ಮಾತ್ರೆ ನುಂಗುತ್ತಿದ್ದಾಳೆ, ಬಿಪಿ ಸರಿಯಿದೆ, ಇನ್ನೇನು ಎನ್ನುತ್ತೇವೆ. ಮರಳಿ ತೋರಿಸಲು ಹೋದಾಗ ಕಾಕುವೇ ಡಾಕ್ಟರನ್ನು ಕೇಳಿದಳು, ‘ನಾ ಸೂಜಿ ಹಿಡೀಬಹುದೇನ್ರೀ?’ ಅವರಿಗೆ ಮೊದಲು ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಧಾರಾಳವಾಗಿ ಹಿಡಿಯಿರಿ, ದಿನಕ್ಕೆ ಇಷ್ಟು ಹೊತ್ತು ನಡೆಯಲೂ ಬೇಕು, ಬಹಳ ಹೊತ್ತು ಒಂದೇ ಕಡೆ ಕೂಡಬೇಡಿ ಎಂದರು. ಒಂದು ಎಚ್ಚರಿಕೆಯನ್ನೂ ಹೇಳಿದರು. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಡಬ್ಬಿಯಲ್ಲಿರುವ ಲೋಹದ ಟೊಪ್ಪಿಗೆ ಬಂದದ್ದು ಹೀಗೆ. ಅದಿಲ್ಲದೆ ಅರ್ಧ ಶತಮಾನ ಹೊಲಿದವಳಿಗೆ ಅದು ಮೊದಮೊದಲು ಬಲು ಕಿರಿಕಿರಿ.

ಅಟ್ಟದಿಂದ ಡಬ್ಬಿ ಇಳಿಯಿತು. ಆದರೆ ಚಂದ್ರಕಾಳಿ ಇಳಿಯಲಿಲ್ಲ. ಕಾಕು ಶುರುಮಾಡಿದ್ದು ಶಾಲೆಯ ಹುಡುಗಿಯರು ಕಲಿಯುವ ಮ್ಯಾಟಿ ಬಟ್ಟೆಯ ಒಂದು ತುಂಡಿನ ಮೇಲೆ. ಅದರಲ್ಲಿ ಚೌಕಗಳು ಕಣ್ಣಿಗೆ ಸ್ಪಷ್ಟ. ಮುಂದೆ ಬೆಂಗಳೂರಿನಿಂದ ಮೊಮ್ಮಗಳು ಐಡಾ ಬಟ್ಟೆ ತಂದುಕೊಟ್ಟಳು, ಅಂಗುಲಕ್ಕೆ 14 ಚೌಕದ್ದು, ಚೌಕುಳಿ ಹಾಳೆಯ ಮೇಲೆ ಮುದ್ರಿಸಿದ ಹೂವಿನ ನಕ್ಷೆಯೊಂದಿಗೆ. ಪರದೇಶದ ಗುಲಾಬಿ ಹೂವು ಕಾಕುವಿಗೆ ಹಿಡಿಸಲಿಲ್ಲ. ಆ ಬಟ್ಟೆಯ ಮೇಲೆ ತನ್ನ ತುಳಸಿಕಟ್ಟೆಯನ್ನೇ ಹಾಕಿದಳು, ಎಲ್ಲ ಮೆಂತಿ ಹೊಲಿಗೆಯಲ್ಲಿ. ಮಣಿಕಟ್ಟು ಬೇಗ ದಣಿಯುತ್ತಿತ್ತು. ಒಂದು ಸಾಲು, ವಿಶ್ರಾಂತಿ, ಮತ್ತೊಂದು ಸಾಲು. ಓರೆಗಳು ಕೆಲವು ಕಡೆ ತಿರುಗುಮುರುಗಾಗಿವೆ. ಕಲಿತ ಕಣ್ಣಿಗೆ ಅದು ತಟ್ಟನೆ ಕಾಣುತ್ತದೆ. ಕಾಕು ಅದನ್ನು ಬಿಚ್ಚಲಿಲ್ಲ.

ಯಾಕೆ ಬರೀ ಮೆಂತಿ ಎಂದು ನಾನು ಕೇಳಿದ್ದೆ. ಅವಳ ಉತ್ತರ ನನ್ನೊಳಗೆ ಉಳಿದುಬಿಟ್ಟಿದೆ. ‘ಮೆಂತ್ಯಾ ಒಂದ ಹಾಕಿದ್ರ ಒಂದ ಮುಗೀತವಾ. ನಡಕ ಏನರ ಆದ್ರೂ ಅರ್ಧಾ ಉಳ್ಯೂದಿಲ್ಲ. ಗವಂತಿ ಹಾಕಬೇಕಂದ್ರ ತಿರುಗಿ ಬರತೀನಿ ಅನ್ನೂ ಧೈರ್ಯ ಬೇಕಲ್ಲಾ.’ ಬೇಸರದ ಮಾತಲ್ಲ ಅದು, ಹೊಲಿಗೆಯ ಲೆಕ್ಕವನ್ನು ಹೇಳುವ ದನಿಯಲ್ಲೇ ಹೇಳಿದಳು. ಕಾಯಿಲೆ ಮನುಷ್ಯನಿಂದ ಕಸಿದುಕೊಳ್ಳುವುದು ಬಲವನ್ನಷ್ಟೇ ಅಲ್ಲ, ನಾಳೆಯ ಮೇಲಿನ ಭರವಸೆಯನ್ನು. ಅದು ಇಲ್ಲದವರಿಗೆ ಒಂದೊಂದೇ ಮುಗಿಯುವ ಕೆಲಸ ಬೇಕು. ಹಾಗೆ ಮುಗಿದ ನೂರಾರು ಸಣ್ಣ ಕೆಲಸಗಳು ಸೇರಿ ಮತ್ತೆ ದೊಡ್ಡದಕ್ಕೆ ಕೈ ಹಾಕುವ ಎದೆಗಾರಿಕೆ ಕೊಡುತ್ತವೆ. ಮರಳುವುದೆಂದರೆ ನಿಲ್ಲಿಸಿದ ಜಾಗಕ್ಕೇ ನೇರ ಹೋಗಿ ನಿಲ್ಲುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಅಷ್ಟು ಆತುರ ಬೇಕಿಲ್ಲ.

ಸಣ್ಣ ಕೈಕೆಲಸದಿಂದ ಹೀಗೆ ಮೆಲ್ಲಗೆ ಮರಳಬಹುದೆಂಬುದನ್ನು ಯುದ್ಧದ ಕಾಲದಲ್ಲಿ ಕೆಲವರು ಕಂಡುಕೊಂಡಿದ್ದರು. ಮೊದಲ ಮಹಾಯುದ್ಧದ ದಿನಗಳಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಲೂಯಿಸಾ ಪೆಸೆಲ್ ಎಂಬ ಹೊಲಿಗೆಯ ವಿದ್ವಾಂಸೆ, ಗುಂಡಿನ ಸದ್ದಿಗೆ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಬಂದ ಸೈನಿಕರಿಗೆ ಎಣಿಕೆಯ ಹೊಲಿಗೆ ಕಲಿಸಿದಳು. ಬಂದೂಕು ಹಿಡಿದ ಗಂಡಸರು, ನಡುಗುವ ಕೈಗಳು. ಅವರೇ ಸೇರಿ ಪ್ರಾರ್ಥನಾ ಮಂದಿರದ ಪೀಠಕ್ಕೆ ಹೊದಿಸುವ ವಸ್ತ್ರವನ್ನು ಹೊಲಿದುಕೊಟ್ಟರು. ಅದೇ ದೇಶದ ನಾರ್ಫೋಕ್ ಕರಾವಳಿಯ ಮೀನುಗಾರ ಜಾನ್ ಕ್ರಾಸ್ಕ್ 1917ರಲ್ಲಿ ಸೈನ್ಯಕ್ಕೆ ಸೇರಿದ ಸ್ವಲ್ಪದರಲ್ಲೇ ಕಾಯಿಲೆ ಬಿದ್ದು, ಮತ್ತೆಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಮೊದಲು ದೋಣಿಗಳ ಚಿತ್ರ ಬರೆದ. ಹಾಸಿಗೆಯಿಂದ ಏಳಲಾಗದೆ ಹೋದಾಗ ಹೆಂಡತಿ ಕೈಗೆ ಸೂಜಿ ಕೊಟ್ಟಳು. ಮಲಗಿದಲ್ಲೇ ಸಮುದ್ರ ಹೊಲಿದ. ಅಲೆ, ನೊರೆ, ಬಿರುಗಾಳಿ, ಹಾಯಿ ಎಲ್ಲವನ್ನೂ. 1943ರಲ್ಲಿ ತೀರಿಕೊಂಡಾಗ ಡನ್‌ಕರ್ಕ್‌ನಿಂದ ಸೈನಿಕರನ್ನು ದೋಣಿಗಳಲ್ಲಿ ಪಾರು ಮಾಡಿದ ದೃಶ್ಯದ ಉದ್ದನೆಯ ಹೊಲಿಗೆ ಅವನ ಕೈಯಲ್ಲಿ ಇನ್ನೂ ಮುಗಿದಿರಲಿಲ್ಲ.

ನಮ್ಮ ದೇಶದಲ್ಲಿ ಇಂಥ ಕೈಕೆಲಸವನ್ನು ಆಸ್ಪತ್ರೆಯ ಒಳಗೆ ತಂದ ಗೌರವ ಕಮಲಾ ನಿಂಬ್ಕರ್ ಅವರದು. ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಅವರು 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಕಾಯಿಲೆಯಿಂದ ಎದ್ದವರಿಗೆ ಅವರ ನಿತ್ಯದ ಕೆಲಸವನ್ನೂ ಇಷ್ಟದ ಹವ್ಯಾಸವನ್ನೂ ಮರಳಿ ಕೈಗೆ ಕೊಡುವುದೇ ಆ ವಿದ್ಯೆಯ ತಿರುಳು. ಅದು ದೊಡ್ಡ ಊರುಗಳ ಆಚೆಗೆ ಇನ್ನೂ ಸಾಕಷ್ಟು ಹಬ್ಬದಿರುವುದು ನನಗೆ ನೋವಿನ ಸಂಗತಿ.

ಮಾಳಮಡ್ಡಿಯ ಪಡಸಾಲೆಗೆ ಮರಳುತ್ತೇನೆ. ಮಧ್ಯಾಹ್ನದ ಬಿಸಿಲು ಸ್ಟೂಲಿನ ಕಾಲು ಮುಟ್ಟುವ ಹೊತ್ತಿಗೆ ಪಕ್ಕದ ಮನೆಯ ಅಕ್ಕಾರು ಬರುತ್ತಾರೆ, ಕಂಕುಳಲ್ಲಿ ಕೌದಿಯ ಗಂಟು. ಹಳೆಯ ಸೀರೆ, ಧೋತರ, ಮಕ್ಕಳ ಲಂಗದ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಉದ್ದಕ್ಕೂ ಓಟದ ಹೊಲಿಗೆ ಹಾಕುವ ಹೊದಿಕೆ ಈ ಸೀಮೆಯ ಪ್ರತಿ ಮನೆಯ ಆಸ್ತಿ. ಅಕ್ಕಾರಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ, ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದಾರೆ. ಆ ಗ್ರಂಥಿಗಳಿಲ್ಲದಿದ್ದರೆ ತೋಳಿನಿಂದ ದ್ರವ ಸರಿಯಾಗಿ ಹರಿದುಹೋಗದೆ ಬಾವು ಬರುವ ಅಪಾಯವಿರುತ್ತದೆ. ಆ ಕೈಗೆ ಗಾಯ, ಸೋಂಕು ಆಗಬಾರದು, ಭಾರ ಎತ್ತುವುದನ್ನು ಮೆಲ್ಲಗೆ ರೂಢಿ ಮಾಡಿಕೊಳ್ಳಬೇಕು ಎಂದು ಹೇಳಿ ಕಳಿಸಿದ್ದಾರೆ. ಸಾಲದ್ದಕ್ಕೆ ಕೀಮೋ ಮುಗಿದರೂ ಬೆರಳ ತುದಿಗಳು ಜುಮುಗುಡುತ್ತವೆ. ಕೆಲವು ಕೀಮೋ ಔಷಧಗಳು ನರದ ತುದಿಗಳನ್ನು ಹಾಗೆ ಮಾಡುತ್ತವೆ. ಸೂಜಿ ಬೆರಳಲ್ಲಿದೆಯೋ ಜಾರಿ ಬಿದ್ದಿದೆಯೋ ತಿಳಿಯುವುದಿಲ್ಲ, ನೋಡಿಯೇ ತಿಳಿಯಬೇಕು.

ಅವರು ಕೌದಿಯನ್ನು ಬಿಡಲಿಲ್ಲ, ಕೌದಿಯ ರೀತಿ ಬದಲಿಸಿದರು. ಇಡೀ ಕೌದಿ ಹರಡಿಕೊಂಡರೆ ಅದರ ಭಾರ ತೋಳಿಗೆ ಬೀಳುತ್ತದೆ. ಆದ್ದರಿಂದ ಈಗ ಕೂಸುಗಳಿಗೆ ಹೊದಿಸುವ ಸಣ್ಣ ಕೌದಿಗಳು. ಸೂಜಿ ದಪ್ಪನೆಯದು, ಹಿಡಿತಕ್ಕೆ ಸಿಗುವಂಥದ್ದು. ಎರಡೂ ಕೈಯ ಬೆರಳಿಗೆ ಟೊಪ್ಪಿಗೆ. ಕೂತು ಎದ್ದಾಗ ಸೂಜಿ ಎಣಿಸಿ ಡಬ್ಬಿಗೆ ಹಾಕುವ ನಿಯಮ. ಹೊಲಿಯುತ್ತ ಹೊಲಿಯುತ್ತ ಒಂದು ತುಂಡನ್ನು ಬೆರಳಿನಿಂದ ಸವರಿ, ‘ಇದು ನಮ್ಮವ್ವನ ಸೀರಿ’ ಎನ್ನುತ್ತಾರೆ. ಆ ಬೆರಳಿಗೆ ಅರಿವೆಯ ನುಣುಪು ಎಷ್ಟು ತಿಳಿಯುತ್ತದೆಯೋ ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಪೂರ್ತಿ ತಿಳಿದಂತಿತ್ತು.

ಚಿತ್ರಕಾರ ಮಾತೀಸ್ 1941ರಲ್ಲಿ ಹೊಟ್ಟೆಯ ಕ್ಯಾನ್ಸರಿನ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಬದುಕಿ ಬಂದ. ಕ್ಯಾನ್ವಾಸಿನ ಮುಂದೆ ಮೊದಲಿನಂತೆ ನಿಲ್ಲಲಾಗದೆ, ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕುಳಿತು ಬಣ್ಣ ಬಳಿದ ಕಾಗದಗಳನ್ನು ಕತ್ತರಿಯಿಂದ ಕತ್ತರಿಸತೊಡಗಿದ. ಅವನ ಕೊನೆಯ ವರ್ಷಗಳ ಆ ಕೆಲಸವನ್ನು ಜಗತ್ತು ಇಂದು ಅವನ ಶ್ರೇಷ್ಠ ಕೃತಿಗಳ ಸಾಲಿನಲ್ಲಿಟ್ಟು ನೋಡುತ್ತದೆ. ಅಕ್ಕಾರ ಸಣ್ಣ ಕೌದಿಗಳನ್ನು ಕಂಡಾಗ ನನಗೆ ಆ ಕತ್ತರಿ ನೆನಪಾಗುತ್ತದೆ. ಇದನ್ನು ಅತಿಶಯವೆಂದು ನಾನು ಭಾವಿಸುವುದಿಲ್ಲ. ಕೈ ಬದಲಾದಾಗ ಕೆಲಸವನ್ನು ಬದಲಿಸಿಕೊಳ್ಳುವ ಜಾಣ್ಮೆ ಎರಡೂ ಕಡೆ ಒಂದೇ.

ಓಣಿಯಲ್ಲಿ ಇನ್ನೂ ಕೆಲವರಿದ್ದಾರೆ. ಬೈಪಾಸ್ ಆದ ನಿವೃತ್ತ ಮಾಸ್ತರರೊಬ್ಬರು ಎದೆಮೂಳೆ ಕೂಡುವ ತನಕ ಹಾರ್ಮೋನಿಯಂ ಪೆಟ್ಟಿಗೆ ಎತ್ತುವಂತಿರಲಿಲ್ಲ. ಮೊಮ್ಮಗ ಎತ್ತಿ ಮೇಜಿನ ಮೇಲಿಟ್ಟು, ತಿದಿ ಒತ್ತಿಕೊಟ್ಟು, ಅಜ್ಜನಿಂದ ಸರಿಗಮ ಕಲಿತ. ಮೊಣಕಾಲು ಬದಲಿಸಿಕೊಂಡ ಅಜ್ಜಿಯೊಬ್ಬರು ಅಂಗಳಕ್ಕೆ ಬಾಗಿ ರಂಗೋಲಿ ಹಾಕಲಾಗದೆ, ಎತ್ತರದ ತುಳಸಿಕಟ್ಟೆಯ ಮೇಲೆಯೇ ಅಂಗೈಯಗಲದ ರಂಗೋಲಿ ಹಾಕುತ್ತಾರೆ.

ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿಬಿಡಬೇಕು. ಸೂಜಿ ದಾರ ರಕ್ತನಾಳ ತೆರೆಯುವುದಿಲ್ಲ, ಗಡ್ಡೆ ಕರಗಿಸುವುದಿಲ್ಲ. ಕಾಕು ಉಳಿದದ್ದು ಸ್ಟೆಂಟಿನಿಂದ, ಉಳಿದಿರುವುದು ಹೊತ್ತುಹೊತ್ತಿಗೆ ನುಂಗುವ ಮಾತ್ರೆಗಳಿಂದ, ಬೆಳಗಿನ ನಡಿಗೆಯಿಂದ. ಕಸೂತಿ ಮಾಡಿದ್ದು ಬೇರೆ ಕೆಲಸ. ಎಳೆ ಎಣಿಸಲು ಕೂತವಳಿಗೆ ನಾಡಿ ಎಣಿಸಲು ಕೈ ಬಿಡುವಿರಲಿಲ್ಲ. ‘ನಾಲ್ಕು ಎಳಿ ಮ್ಯಾಲ, ನಾಲ್ಕು ಎಳಿ ಕೆಳಗ’ ಎನ್ನುವಾಗ ಮನಸ್ಸು ಎದೆಯ ಚಳಕನ್ನು ಕಾಯುವುದನ್ನು ಬಿಟ್ಟಿತು. ದಣಿದ ಕಣ್ಣಿಗೆ ರಾತ್ರಿ ನಿದ್ದೆ ಬಂತು. ಸೊಸೆ ಚಹಾ ತಂದಿಟ್ಟು, ಬಟ್ಟೆ ಕೈಗೆತ್ತಿಕೊಂಡು, ‘ಅತ್ತೀ, ಇಲ್ಲಿ ಯಾಕ ಬಣ್ಣಾ ಬದಲ ಮಾಡೀರಿ?’ ಎಂದು ಕೇಳಿದಳು. ರೋಗಿಯನ್ನು ಕೇಳುವ ಪ್ರಶ್ನೆಯಲ್ಲ ಅದು, ಬಲ್ಲವರನ್ನು ಕೇಳುವ ಪ್ರಶ್ನೆ. ಕಾಕು ಕನ್ನಡಕ ಸರಿಮಾಡಿಕೊಂಡು ಬಲು ಹೊತ್ತು ವಿವರಿಸಿದಳು. ಈಗ ಸೊಸೆಯೂ ಮ್ಯಾಟಿ ಬಟ್ಟೆಯ ಮೇಲೆ ಕೈ ಪಳಗಿಸುತ್ತಿದ್ದಾಳೆ.

ಆಮೇಲೊಂದು ದಿನ ಕಾಕು ತಾನಾಗಿ ಟ್ರಂಕು ತೆರೆಸಿ ಚಂದ್ರಕಾಳಿ ಹೊರತೆಗೆದಳು. ತುಕ್ಕು ಹಿಡಿದ ಸೂಜಿ ಎಳೆದು ಬಿಸಾಕಿ, ಹೊಸ ಸೂಜಿಗೆ ಕೇಸರಿ ದಾರ ಪೋಣಿಸಿ, ಗೋಪುರದ ಮೂರನೆಯ ಅಂತಸ್ತಿನಿಂದ ಗವಂತಿ ಹಾಕತೊಡಗಿದಳು. ಒಂದು ಮನೆ ಬಿಟ್ಟು ಒಂದು ಮನೆ, ಹೋಗುವ ಗೆರೆ. ನಾನು ನೋಡುತ್ತಿದ್ದ ಮಧ್ಯಾಹ್ನ ಅವಳು ವಾಪಸು ಬರುವ ಗೆರೆಯಲ್ಲಿದ್ದಳು. ಸೀರೆ ಮೊಮ್ಮಗಳ ಮದುವೆಗೆ. ಮದುವೆಯ ಗಂಡು ಇನ್ನೂ ಗೊತ್ತಾಗಿಲ್ಲ. ಕಾಕುವಿಗೆ ಅದರ ಚಿಂತೆಯಿಲ್ಲ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಆಸ್ಪತ್ರೆಯಿಂದ ಮರಳಿ ಬಂದಿರಬಹುದು, ನಾಳೆ ಬರಬಹುದು. ಬಿಡುಗಡೆಯ ದಿನ ಡಾಕ್ಟರನ್ನು ಏನು ತಿನ್ನಬೇಕು, ಏನು ಬಿಡಬೇಕು ಎಂದು ಕೇಳುತ್ತೀರಲ್ಲ, ಅದರ ಜೊತೆಗೆ ಅವರ ಪ್ರೀತಿಯ ಕೆಲಸವನ್ನು ಯಾವಾಗ, ಎಷ್ಟು ಹೊತ್ತು, ಯಾವ ಎಚ್ಚರಿಕೆಯಿಂದ ಮತ್ತೆ ಮಾಡಬಹುದು ಎಂದೂ ಕೇಳಿ. ಅವರ ನಿದ್ದೆ, ಭಯ, ಮೌನ ವಾರಗಟ್ಟಲೆ ಹಾಗೇ ಉಳಿದರೆ ಅದನ್ನೂ ಮುಚ್ಚಿಡದೆ ಹೇಳಿ. ಹೊಲಿಗೆಯ ಡಬ್ಬಿಯನ್ನು, ಹಾರ್ಮೋನಿಯಮ್ಮನ್ನು, ರಂಗೋಲಿಯ ಬಟ್ಟಲನ್ನು ದಯವಿಟ್ಟು ಅಟ್ಟಕ್ಕೆ ಹಾಕಬೇಡಿ. ಅವರ ಕೈಗೆ ಎಟುಕುವ ಕಡೆ ಇಡಿ.